ಅಡಿಕೆ ತೋಟದ ಕೋವಿ: ಯಾರಿಗೆ ಸಿಗುತ್ತದೆ, ಯಾವುದು ಸಿಗುತ್ತದೆ

ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಳ್ಳುವ ಪರವಾನಗಿ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಕೃಷಿಕ ಮನೆತನಗಳಿಗೆ ಹೊಸದಲ್ಲ. ಈ ಸೀಮೆಯಲ್ಲಿ ತೋಟ ಮುಗಿದಲ್ಲಿ ಗುಡ್ಡ, ಗುಡ್ಡ ಮುಗಿದಲ್ಲಿ ಕಾಡು. ಮಂಗಳೂರು–ಹಾಸನ ರೈಲು ಮಾರ್ಗದಲ್ಲಿ ಎಡಮಂಗಲ ದಾಟಿದರೆ ಕೋಡಿಂಬಾಳ. ಅದರ ಮುಂದೆ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣ. ಅಲ್ಲಿಂದಾಚೆ ಘಟ್ಟದ ಏರು. ರಾತ್ರಿ ಇಳಿದು ಬರುವ ಕಾಡುಹಂದಿ ಹಿಂಡು ಎಳೆಯ ಅಡಿಕೆ ಸಸಿಯ ಬುಡ ಬಗೆದು, ಬಾಳೆಯ ಕಂದು ಕಿತ್ತು, ಮರಗೆಣಸಿನ ಸಾಲನ್ನು ಮಗುಚಿ ಹಾಕಿ ಹೋಗುತ್ತದೆ. ಹಗಲು ಮಂಗಗಳ ಸರದಿ. ಸೀಯಾಳ, ಕೊಕ್ಕೊ, ಬಾಳೆಗೊನೆ ಯಾವುದೂ ಉಳಿಯುವುದಿಲ್ಲ. ಇವುಗಳ ಎದುರು ಒಬ್ಬ ಕೃಷಿಕ ಯಾವ ಆಯುಧವನ್ನು ಕಾನೂನುಬದ್ಧವಾಗಿ ಕೊಂಡು ಇಟ್ಟುಕೊಳ್ಳಬಹುದು, ಅದಕ್ಕೆ ಅವನಲ್ಲಿ ಇರಬೇಕಾದ ಅರ್ಹತೆ ಏನು, ಕೈಗೆ ಬಂದ ಮೇಲೆ ಅದರಿಂದ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಎರಡು ಕಾನೂನುಗಳು ಹಂಚಿಕೊಂಡು ನಿರ್ಧರಿಸುತ್ತವೆ. ಒಂದು 1959ರ ಆಯುಧ ಕಾಯ್ದೆ, ಇನ್ನೊಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಮೊದಲನೆಯದನ್ನು ಮಾತ್ರ ಓದಿಕೊಂಡು ಎರಡನೆಯದನ್ನು ಮರೆತವರು ಕಷ್ಟಕ್ಕೆ ಸಿಲುಕುತ್ತಾರೆ.

ಸೇನೆ ಬಳಸಿ ಕೈಬಿಟ್ಟ ರೈಫಲ್ ಈ ಲೆಕ್ಕಕ್ಕೇ ಬರುವುದಿಲ್ಲ. ಅಮೆರಿಕದಲ್ಲಿ ಅಂಥ ರೈಫಲ್ ಕೊಳ್ಳಲು ಒಂದು ಸರಳ ದಾರಿಯಿದೆ. ಅಲ್ಲಿನ ನಾಗರಿಕ ಗುರಿಕಾರಿಕೆ ಕಾರ್ಯಕ್ರಮದ ಮೂಲ 1903ರಷ್ಟು ಹಿಂದಿನದು. 1996ರಲ್ಲಿ ಅದು ಪ್ರತ್ಯೇಕ ನಿಗಮವಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಹೊತ್ತ ಎಂ1 ಗ್ಯಾರಂಡ್ ರೈಫಲ್‌ಗಳನ್ನು ಅದು ಮಾರುತ್ತದೆ. ಕೊಳ್ಳುವವನು ಆ ದೇಶದ ಪ್ರಜೆಯಾಗಿ ವಯಸ್ಕನಾಗಿರಬೇಕು, ಅದಕ್ಕೆ ಸೇರಿದ ಯಾವುದಾದರೊಂದು ಕ್ಲಬ್ಬಿನ ಸದಸ್ಯನಾಗಿರಬೇಕು, ಗುರಿ ಅಭ್ಯಾಸ ಮಾಡಿದ್ದಕ್ಕೆ ಪುರಾವೆ ತೋರಿಸಬೇಕು, ಆಯುಧ ಹೊಂದಲು ಕಾನೂನಿನ ಅಡ್ಡಿ ಇರಬಾರದು. ಅಲ್ಲಿ ಬಂದೂಕು ಹೊಂದುವುದು ಸಂವಿಧಾನವೇ ಕೊಟ್ಟ ಹಕ್ಕು. ಭಾರತದಲ್ಲಿ ಹಾಗಿಲ್ಲ. ಇಲ್ಲಿ ಯಾರಿಗೂ ಅಂಥ ಮೂಲಭೂತ ಹಕ್ಕು ಇಲ್ಲವೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಮತ್ತೊಮ್ಮೆ ಹೇಳಿದೆ. ಇಲ್ಲಿ ಪರವಾನಗಿ ಸರ್ಕಾರ ಷರತ್ತಿನ ಮೇಲೆ ಕೊಡುವ ಅನುಮತಿ.

ಭಾರತೀಯ ಸೇನೆ ಮತ್ತು ಪೊಲೀಸ್ ಇಲಾಖೆ ದಶಕಗಳ ಕಾಲ ಬಳಸಿದ .303 ಲೀ ಎನ್‌ಫೀಲ್ಡ್ ರೈಫಲ್‌ನ ಬೋರ್, ಅಂದರೆ ನಳಿಗೆಯ ಒಳವ್ಯಾಸ, ‘ನಿಷೇಧಿತ ಬೋರ್’ ಪಟ್ಟಿಯಲ್ಲಿದೆ. 7.62 ಮಿ.ಮೀ. ಮತ್ತು 9 ಮಿ.ಮೀ. ಕೂಡ ಅಷ್ಟೇ. ಸೇನೆಯ ತೋಟೆ ನಾಗರಿಕರ ಬಂದೂಕಿನಲ್ಲಿ ಹೊಂದಿಕೊಳ್ಳಬಾರದು ಎಂಬುದು ಇದರ ಹಿಂದಿನ ಲೆಕ್ಕಾಚಾರ. ತೋಟೆ ಕಳವಾದರೂ ಹೊರಗೆ ಉಪಯೋಗಕ್ಕೆ ಬಾರದಿರಲಿ ಎಂಬ ಎಚ್ಚರ ಬ್ರಿಟಿಷರ ಕಾಲದಿಂದಲೂ ಇದೆ. ಅದೇ ಕಾರಣಕ್ಕೆ ಪಶ್ಚಿಮ ಬಂಗಾಳದ ಇಚ್ಛಾಪುರದ ರೈಫಲ್ ಕಾರ್ಖಾನೆ ಲೀ ಎನ್‌ಫೀಲ್ಡ್‌ನ ಬೋಲ್ಟ್ ವ್ಯವಸ್ಥೆಯನ್ನೇ ಇಟ್ಟುಕೊಂಡು, ಬೋರ್ ಮಾತ್ರ ಬದಲಿಸಿ .315 ಸ್ಪೋರ್ಟಿಂಗ್ ರೈಫಲ್ ಎಂಬುದನ್ನು ನಾಗರಿಕರಿಗಾಗಿ ತಯಾರಿಸಿತು. ನೋಡಲು ಹಳೆಯ ಸೇನಾ ರೈಫಲ್‌ನ ತಮ್ಮನಂತೆಯೇ ಇರುವ ಇದು ಭಾರತದ ಸಾಮಾನ್ಯ ನಾಗರಿಕ ತಲುಪಬಹುದಾದ ಅತ್ಯಂತ ಹತ್ತಿರದ ಆಯುಧ. ಆದರೆ ಅದಕ್ಕೂ ಬೆಳೆ ರಕ್ಷಣೆಯ ಕಾರಣ ಸಾಲುವುದಿಲ್ಲ.

ಸಾಲದಿರುವುದು ಸರಿಯೇ. ದಕ್ಷಿಣ ಕನ್ನಡದ ಹಳ್ಳಿಯಲ್ಲಿ ಮನೆಗಳು ಬಯಲುಸೀಮೆಯಂತೆ ಒಂದೇ ಕಡೆ ಗುಂಪಾಗಿರುವುದಿಲ್ಲ. ಒಂದೊಂದು ತೋಟದ ತಲೆಯಲ್ಲಿ ಒಂದೊಂದು ಮನೆ, ನಡುವೆ ತೋಡು, ಕಾಲುದಾರಿ, ಶಾಲೆಗೆ ಹೋಗುವ ಮಕ್ಕಳು, ಬೆಳಗ್ಗೆ ಕತ್ತಲಿರುವಾಗಲೇ ರಬ್ಬರ್ ಟ್ಯಾಪಿಂಗಿಗೆ ಹೊರಟವರು. ರೈಫಲ್‌ನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಅವು ಗುಂಡನ್ನು ತಿರುಗಿಸಿ ಬಿಡುವುದರಿಂದ ಅದು ಕಿಲೋಮೀಟರುಗಟ್ಟಲೆ ಹೋಗಬಲ್ಲದು. ಗುರಿ ತಪ್ಪಿದ ಒಂದು ಗುಂಡು ಮೂರು ತೋಟ ದಾಟಿ ಯಾರದೋ ಅಂಗಳಕ್ಕೆ ಬೀಳಬಹುದು. ನುಣುಪು ನಳಿಗೆಯ ಕೋವಿಯಿಂದ ಹಾರುವ ಸಣ್ಣ ಚರೆಗಳು ಹರಡಿಕೊಂಡು, ಸ್ವಲ್ಪ ದೂರದಲ್ಲೇ ಬಲ ಕಳೆದುಕೊಳ್ಳುತ್ತವೆ. ಈ ನಾಡಿನ ಭೂಮಿಯ ಲಕ್ಷಣಕ್ಕೆ ಅದೇ ಒಗ್ಗುತ್ತದೆ.

ಕೋವಿಯ ಮೇಲೆ ಸರ್ಕಾರದ ಹಿಡಿತ ಬಿಗಿಯಾದದ್ದು 1878ರ ಭಾರತೀಯ ಆಯುಧ ಕಾಯ್ದೆಯಿಂದ. ವೈಸ್‌ರಾಯ್ ಲಿಟ್ಟನ್ ಕಾಲದ ಆ ಕಾಯ್ದೆ ಭಾರತೀಯರ ಕೈಯಿಂದ ಆಯುಧ ಕಿತ್ತುಕೊಂಡು ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತ್ತು. ಆಗ ಪುತ್ತೂರು ಸೀಮೆ ಮದ್ರಾಸ್ ಪ್ರಾಂತದ ದಕ್ಷಿಣ ಕೆನರಾ ಜಿಲ್ಲೆಯಲ್ಲಿತ್ತು. ಕೊಡಗಿನ ಕಥೆ ಬೇರೆ. ಅಲ್ಲಿನವರಿಗೆ 1861ರಲ್ಲೇ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ನಿಶ್ಶಸ್ತ್ರೀಕರಣ ಕಾನೂನಿನಿಂದ ವಿನಾಯಿತಿ ಘೋಷಿಸಿದ್ದ. ಅದರ ಮುಂದುವರಿಕೆ ಇವತ್ತಿಗೂ ಇದೆ. ಕೊಡವ ಜನಾಂಗದವರು ಮತ್ತು ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರು ಪರವಾನಗಿ ಇಲ್ಲದೆಯೇ, ವಿನಾಯಿತಿ ಪತ್ರದ ಮೇಲೆ ಕೋವಿ ಇಟ್ಟುಕೊಳ್ಳಬಹುದು. ಕೇಂದ್ರ ಗೃಹ ಸಚಿವಾಲಯ 2019ರ ಅಕ್ಟೋಬರಿನಲ್ಲಿ ಈ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು.

ಗಡಿಯ ಈ ಬದಿಯವರಿಗೆ ಇದು ಕಣ್ಣಿಗೆ ಕಾಣುವ ವ್ಯತ್ಯಾಸ. ಅಮರ ಸುಳ್ಯ ಮತ್ತು ಪುತ್ತೂರು ಮಾಗಣೆಗಳು ಹಾಲೇರಿ ಅರಸರ ಕಾಲದಲ್ಲಿ ಕೊಡಗಿಗೇ ಸೇರಿದ್ದವು. 1834ರಲ್ಲಿ ಕೊಡಗು ಬ್ರಿಟಿಷರ ವಶವಾದಾಗ ಅವನ್ನು ಕೆನರಾಕ್ಕೆ ಸೇರಿಸಲಾಯಿತು. 1837ರ ಅಮರ ಸುಳ್ಯ ದಂಗೆಗೆ ಆ ಬದಲಾವಣೆಯೂ ಒಂದು ಕಾರಣ. ಸಂಪಾಜೆ ಎಂಬ ಊರು ಇವತ್ತು ಎರಡೂ ಜಿಲ್ಲೆಗಳಲ್ಲಿ ಹಂಚಿಹೋಗಿದೆ. ಒಂದೇ ಭಾಷೆ ಆಡುವ, ಒಂದೇ ಬೆಳೆ ತೆಗೆಯುವ, ಒಂದೇ ಆನೆಯ ಕಾಟ ಅನುಭವಿಸುವ ಎರಡು ಮನೆಗಳಲ್ಲಿ ಕೊಡಗಿನ ಕಡೆ ಜಮ್ಮಾ ಭೂಮಿ ಇರುವವನಿಗೆ ವಿನಾಯಿತಿ ಪತ್ರ ಸಾಕು, ಸುಳ್ಯದ ಕಡೆಯವನು ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು.

ಸ್ವಾತಂತ್ರ್ಯಾನಂತರ ಬಂದ 1959ರ ಆಯುಧ ಕಾಯ್ದೆ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಇದರ 13ನೇ ಸೆಕ್ಷನ್ ಕೃಷಿಕರಿಗೆ ಎಲ್ಲಕ್ಕಿಂತ ಮುಖ್ಯ. ಕೋವಿಗೆ ಅರ್ಜಿ ಹಾಕುವವರು ಹೆಚ್ಚಿನಂಶ ಓದದೇ ಬಿಡುವುದೂ ಇದನ್ನೇ. ಪಿಸ್ತೂಲು, ರಿವಾಲ್ವರ್, ರೈಫಲ್ ಮುಂತಾದವುಗಳಿಗೆ ಅರ್ಜಿ ಬಂದಾಗ ಅರ್ಜಿದಾರನಿಗೆ ‘ತಕ್ಕ ಕಾರಣ’ ಇದೆಯೆಂದು ಪರವಾನಗಿ ಅಧಿಕಾರಿಗೆ ಮನವರಿಕೆಯಾಗಬೇಕು. ಆದರೆ ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿ ಕೇಳಿದರೆ, ಕಾಯ್ದೆಯ ಇತರ ನಿರ್ಬಂಧಗಳಿಗೆ ಒಳಪಟ್ಟು, ಪರವಾನಗಿ ಕೊಡತಕ್ಕದ್ದು ಎಂದೇ ಈ ಸೆಕ್ಷನ್ ಹೇಳುತ್ತದೆ. ಮದ್ದಿನ ಕೋವಿ ಬೆಳೆ ಕಾಯಲು ಸಾಲದು ಎಂದು ಅಧಿಕಾರಿಗೆ ಅನ್ನಿಸಿದರೆ, 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಬೇರೆ ನುಣುಪು ನಳಿಗೆ ಕೋವಿಗೂ ಪರವಾನಗಿ ಕೊಡಬಹುದು. ಅಂದರೆ ತೋಟದವನ ಕೋವಿಯನ್ನು ಸಂಸತ್ತು ಬೇರೆ ಬಂದೂಕುಗಳಿಂದ ಬೇರೆಯಾಗಿಯೇ ನೋಡಿದೆ. ಕಚೇರಿಗಳಲ್ಲಿ ಈ ಭೇದ ಮಸುಕಾಗಿದೆ. ಪಟ್ಟಣದ ವ್ಯಾಪಾರಿಯ ಪಿಸ್ತೂಲಿನ ಅರ್ಜಿಯನ್ನೂ ಹಂದಿ ಕಾಯುವವನ ಕೋವಿಯ ಅರ್ಜಿಯನ್ನೂ ಒಂದೇ ಅನುಮಾನದಿಂದ ಅಳೆಯುವ ರೂಢಿ ಬೆಳೆದಿದೆ. ಅದು ಕಾಯ್ದೆಯ ಆಶಯವಲ್ಲ.

ಮದ್ದಿನ ಕೋವಿ ಹೇಗೆ ಕೆಲಸ ಮಾಡುತ್ತದೆಂದು ನೋಡಿದರೆ ಈ ರಿಯಾಯಿತಿಯ ಅರ್ಥ ತಿಳಿಯುತ್ತದೆ. ಕೋವಿಯ ಹಿಡಿಯನ್ನು ನೆಲಕ್ಕೆ ಊರಿ ನಿಲ್ಲಿಸಿ, ನಳಿಗೆಯ ಬಾಯಿಯಿಂದ ಅಳತೆಯ ಕರಿಮದ್ದು ಸುರಿಯಬೇಕು. ಅದರ ಮೇಲೆ ತೆಂಗಿನ ನಾರು ಅಥವಾ ಬಟ್ಟೆಯ ಉಂಡೆ ತುರುಕಿ ಗಜದಿಂದ ಗಟ್ಟಿಯಾಗಿ ಜಡಿಯಬೇಕು. ಆಮೇಲೆ ಚರೆ, ಚರೆ ಉರುಳಿ ಬೀಳದಂತೆ ಮತ್ತೊಂದು ಉಂಡೆ, ಮತ್ತೆ ಗಜ. ಕೊನೆಗೆ ಹಿಂಬದಿಯ ಸಣ್ಣ ಮೊಲೆಯ ಮೇಲೆ ತಾಮ್ರದ ಕೇಪು ಕೂರಿಸಿದರೆ ಕೋವಿ ಸಿದ್ಧ. ಕುದುರೆ ಬಡಿದಾಗ ಕೇಪು ಸಿಡಿದು ಕಿಡಿ ಒಳಗಿನ ಮದ್ದಿಗೆ ತಾಗುತ್ತದೆ. ಒಂದು ಈಡಿಗೆ ಇಷ್ಟೆಲ್ಲ ಕೆಲಸ; ಎರಡನೆಯದಕ್ಕೆ ಮೊದಲಿನಿಂದ ಶುರು. ಆಟಿ ತಿಂಗಳ ಮಳೆಯಲ್ಲಿ ಮದ್ದು ಒದ್ದೆಯಾಗಿ ಕೇಪು ಮಾತ್ರ ಸಿಡಿದು ಸುಮ್ಮನಾಗುವುದೂ ಇದೆ. ಇಂಥ ಕೋವಿಯಿಂದ ದರೋಡೆ ಮಾಡಲು, ಗಲಭೆ ನಡೆಸಲು ಹೊರಡುವವರು ಕಡಿಮೆ. ಕಾಯ್ದೆ ಅದನ್ನು ಸಲೀಸು ಮಾಡಿರುವುದು ಅದಕ್ಕೇ. ತೋಟೆ ಹಾಕುವ ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಗಳು ಬಳಸಲು ಸುಲಭ. ಮದ್ದನ್ನು ಕೈಯಲ್ಲಿ ಅಳೆಯುವ ಗೋಜಿಲ್ಲದ್ದರಿಂದ ಬಳಸುವವನಿಗೆ ಹೆಚ್ಚು ಸುರಕ್ಷಿತವೂ ಹೌದು. ಮಳೆನಾಡಿನ ಕೃಷಿಕ ಅದನ್ನೇ ಕೇಳುವುದರಲ್ಲಿ ನ್ಯಾಯವಿದೆ. ಆದರೆ ಮದ್ದಿನ ಕೋವಿ ಏಕೆ ಸಾಲದೆಂದು ಅರ್ಜಿಯಲ್ಲಿ ಬರೆದು ತೋರಿಸುವ ಹೊಣೆ ಅವನದು.

ಅರ್ಜಿದಾರನ ವೈಯಕ್ತಿಕ ಅರ್ಹತೆಯಲ್ಲಿ ಮೊದಲನೆಯದು ವಯಸ್ಸು. 21 ತುಂಬಿರಬೇಕು. ಮೂಲ ಕಾಯ್ದೆಯಲ್ಲಿ ಇದು 16 ಇತ್ತು. 1983ರ ತಿದ್ದುಪಡಿ ಏರಿಸಿತು. ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಜೈಲು ಶಿಕ್ಷೆಯಾಗಿದ್ದರೆ, ಶಿಕ್ಷೆ ಮುಗಿದ ಮೇಲೂ ಐದು ವರ್ಷ ಕೋವಿ ಹೊಂದುವಂತಿಲ್ಲ. ಶಾಂತಿ ಪಾಲನೆಗೆ ಅಥವಾ ಸನ್ನಡತೆಗೆ ಮುಚ್ಚಳಿಕೆ ಬರೆದುಕೊಡಲು ಆದೇಶವಾಗಿದ್ದರೆ ಅದರ ಅವಧಿ ಮುಗಿಯುವವರೆಗೆ ಅಡ್ಡಿ. ನೆರೆಮನೆಯವರೊಂದಿಗೆ ಗಡಿಕಲ್ಲಿನ ಜಗಳ, ನೀರಿನ ತೋಡಿನ ಜಗಳ ಠಾಣೆ ಮೆಟ್ಟಿಲೇರಿ ಮುಚ್ಚಳಿಕೆಯ ಆದೇಶವಾದವರಿಗೆ ಇದು ತಟ್ಟುತ್ತದೆ. ಮಾನಸಿಕ ಸ್ವಾಸ್ಥ್ಯದ ವಿಷಯದಲ್ಲಿ 2016ರ ಆಯುಧ ನಿಯಮಗಳು ವೈದ್ಯಕೀಯ ಪ್ರಮಾಣಪತ್ರವನ್ನೇ ಕೇಳುತ್ತವೆ. ಇಷ್ಟಾದ ಮೇಲೂ ಸಾರ್ವಜನಿಕ ಶಾಂತಿ, ಸುರಕ್ಷತೆಯ ಕಾರಣಕ್ಕೆ ಅಧಿಕಾರಿ ಅರ್ಜಿ ತಿರಸ್ಕರಿಸಬಹುದು. ಆದರೆ ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಎಂಬುದೊಂದೇ ತಿರಸ್ಕಾರಕ್ಕೆ ಕಾರಣವಾಗಕೂಡದೆಂದು 14ನೇ ಸೆಕ್ಷನ್ ಬಾಯಿಬಿಟ್ಟು ಹೇಳಿದೆ. ಒಂದೆಕರೆ ತೋಟದವನ ಬಾಳೆಯನ್ನೂ ಹಂದಿ ತಿನ್ನುತ್ತದೆ. ಕಾನೂನು ಅದನ್ನು ಬಲ್ಲದು.

ಅರ್ಜಿ ಹೋಗಬೇಕಾದುದು ಜಿಲ್ಲಾಧಿಕಾರಿಗೆ. ಮಂಗಳೂರು ನಗರ ವ್ಯಾಪ್ತಿಯಲ್ಲಿ ಪೊಲೀಸ್ ಆಯುಕ್ತರು ಪರವಾನಗಿ ಅಧಿಕಾರಿಯಾದರೂ ಕಡಬ, ಪುತ್ತೂರು, ಸುಳ್ಯಕ್ಕೆ ಜಿಲ್ಲಾಧಿಕಾರಿಯೇ. ಜನರಿಗೆ, ಜಾನುವಾರುಗಳಿಗೆ, ಬೆಳೆಗೆ ಹಾನಿ ಮಾಡುವ ಕಾಡುಪ್ರಾಣಿಗಳ ವಿರುದ್ಧ ಬಳಸುವ ಕೋವಿಗೆಂದೇ 2016ರ ನಿಯಮಗಳಲ್ಲಿ ಪ್ರತ್ಯೇಕ ಪರವಾನಗಿ ನಮೂನೆಯಿದೆ, ನಾಲ್ಕನೆಯದು. ಭೂಮಿ ಅರ್ಜಿದಾರನದು, ಅಲ್ಲಿ ಬೆಳೆ ಇದೆ ಎಂಬುದಕ್ಕೆ ಪಹಣಿ ಬೇಕು. ಕೂಡುಕುಟುಂಬದ ಜಾಗ ಇನ್ನೂ ಅಜ್ಜನ ಹೆಸರಿನಲ್ಲೇ ಉಳಿದಿರುವ ಮನೆಗಳಲ್ಲಿ ಇದು ಮೊದಲ ತೊಡಕು. ಪಾಲುಪಟ್ಟಿ ಆಗದೆ, ಪಹಣಿಯಲ್ಲಿ ಹೆಸರು ಬಾರದೆ ಸಾಗುವಳಿದಾರನೆಂದು ತೋರಿಸುವುದು ಕಷ್ಟ. ಕಂದಾಯ, ಅರಣ್ಯ, ಪೊಲೀಸ್ ಇಲಾಖೆಗಳ ಅಭಿಪ್ರಾಯ ಬರಬೇಕು. ಠಾಣೆಯ ವರದಿಗೆ ನಿಯಮದಲ್ಲಿರುವ ಗಡುವು 30 ದಿನ. ಪೂರ್ಣ ವರದಿ ಕೈಸೇರಿದ 60 ದಿನದೊಳಗೆ ಪರವಾನಗಿ ಅಧಿಕಾರಿ ತೀರ್ಮಾನಿಸಬೇಕು. ಈ ಗಡುವುಗಳನ್ನು ಅರ್ಜಿದಾರ ತಿಳಿದಿದ್ದರೆ, ಕಡತ ಯಾವ ಮೇಜಿನಲ್ಲಿ ಕೂತಿದೆಯೆಂದು ಕೇಳುವ ಧೈರ್ಯ ಬರುತ್ತದೆ. ಕೋವಿ ಹಿಡಿಯುವುದು, ತುಂಬುವುದು, ಇಡುವುದನ್ನು ಕಲಿತ ಬಗ್ಗೆ ತರಬೇತಿ ಪ್ರಮಾಣಪತ್ರವೂ, ಕೋವಿಯನ್ನು ಬೀಗ ಹಾಕಿ ಭದ್ರವಾಗಿ ಇಡುವ ಏರ್ಪಾಡಿದೆ ಎಂಬ ಭರವಸೆಯೂ ಬೇಕು. ಹಿಂದೆ ಚಾವಡಿಯ ಗೋಡೆಗೆ ಮೊಳೆ ಹೊಡೆದು ಕೋವಿ ನೇತುಹಾಕುತ್ತಿದ್ದ ಕಾಲವಿತ್ತು. ಮಕ್ಕಳಿರುವ ಮನೆಯಲ್ಲಿ ಅದು ಎಂದೂ ಸರಿಯಿರಲಿಲ್ಲ. ಈಗ ನಿಯಮಕ್ಕೂ ವಿರುದ್ಧ.

ಈ ಸೀಮೆಗೆ ವಿಶೇಷವಾಗಿ ಅನ್ವಯಿಸುವ ಮತ್ತೊಂದು ಕಟ್ಟಳೆ ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್‌ನಲ್ಲಿದೆ. ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರಿನೊಳಗೆ ವಾಸಿಸುವ ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ 10 ಕಿಲೋಮೀಟರಿನೊಳಗೆ ಹೊಸ ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಒಪ್ಪಿಗೆ ಬೇಕು. 1987ರಲ್ಲಿ ಘೋಷಣೆಯಾದ ಪುಷ್ಪಗಿರಿ ವನ್ಯಜೀವಿಧಾಮ ಕೊಡಗಿನಲ್ಲಿದ್ದರೂ ಅದರ ಬುಡ ಈ ಬದಿಗೆ ಚಾಚಿದೆ. ಸುಬ್ರಹ್ಮಣ್ಯ, ಹರಿಹರ ಪಳ್ಳತ್ತಡ್ಕ, ಕೊಲ್ಲಮೊಗ್ರು, ಕಲ್ಮಕಾರು ಕಡೆಯ ಕೃಷಿಕರು ಅರ್ಜಿಗೆ ಮೊದಲು ತಮ್ಮ ಜಾಗ ಆ ಅಳತೆಯೊಳಗೆ ಬರುತ್ತದೆಯೇ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು ಒಳಿತು. ಕಡಬ, ಕೋಡಿಂಬಾಳ ಕಡೆಗೆ ಬಂದಂತೆ ಅಂತರ ಹೆಚ್ಚುತ್ತದೆ. ಪ್ರಾಣಿಕಾಟ ಎಲ್ಲಿ ಅತಿ ಹೆಚ್ಚೋ ಅಲ್ಲೇ ಕೋವಿ ಸಿಗುವುದು ಅತಿ ಕಷ್ಟ ಎಂಬ ಸ್ಥಿತಿ ಇದರಿಂದ ಬಂದಿದೆ. ಕಾಡಿನ ರಕ್ಷಣೆಗೆ ಈ ನಿಯಮ ಅಗತ್ಯ. ಆದರೆ ಒಪ್ಪಿಗೆಯೋ ನಿರಾಕರಣೆಯೋ ಬೇಗ ತಿಳಿಸುವ ಹೊಣೆಯೂ ಅದರ ಜೊತೆಗೇ ಇರಬೇಕು.

ಪರವಾನಗಿ ಕೈಗೆ ಬಂದ ಮೇಲೆ ಕೋವಿಯನ್ನು ಪರವಾನಗಿ ಇರುವ ಬಂದೂಕು ಅಂಗಡಿಯಿಂದಲೋ, ಕಾನೂನುಬದ್ಧವಾಗಿ ಮಾರಲು ಅವಕಾಶವಿರುವ ಇನ್ನೊಬ್ಬ ಪರವಾನಗಿದಾರನಿಂದಲೋ ಕೊಳ್ಳಬೇಕು. ಕಮ್ಮಾರಸಾಲೆಯಲ್ಲಿ ಮಾಡಿಸಿದ ನಾಡಕೋವಿಗೆ ಎಷ್ಟು ಅಗ್ಗದ ಬೆಲೆಯಿದ್ದರೂ ಅದು ಅಪರಾಧವೇ. ಕೊಂಡ ಕೋವಿಯ ಸಂಖ್ಯೆ ಪರವಾನಗಿ ಪುಸ್ತಕದಲ್ಲಿ ದಾಖಲಾಗಬೇಕು, ಎಷ್ಟು ತೋಟೆ ಅಥವಾ ಮದ್ದು ಇಟ್ಟುಕೊಳ್ಳಬಹುದೆಂದು ಅದರಲ್ಲೇ ಬರೆದಿರುತ್ತದೆ. ಪ್ರತಿಯೊಬ್ಬ ಪರವಾನಗಿದಾರನಿಗೂ ರಾಷ್ಟ್ರಮಟ್ಟದ ದತ್ತಾಂಶದಲ್ಲಿ ಯುಐಎನ್ ಎಂಬ ವಿಶಿಷ್ಟ ಸಂಖ್ಯೆ ಇರಬೇಕು. ಹಳೆಯ ಪುಸ್ತಕವಿದ್ದು ಈ ಸಂಖ್ಯೆ ಇಲ್ಲದವರು ಕಚೇರಿಯಲ್ಲಿ ಕೇಳಿ ಸರಿಪಡಿಸಿಕೊಳ್ಳಬೇಕು. 2019ರ ತಿದ್ದುಪಡಿ ಎರಡು ಬದಲಾವಣೆ ತಂದಿತು. ಒಬ್ಬರಿಗೆ ಮೂರು ಬಂದೂಕು ಇದ್ದ ಮಿತಿ ಎರಡಕ್ಕೆ ಇಳಿಯಿತು, ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಕನಿಷ್ಠ 60 ದಿನ ಮೊದಲೇ ಸಲ್ಲಿಸಬೇಕು.

ಹಿರಿಯರು ತೀರಿಕೊಂಡ ಮನೆಗಳಲ್ಲಿ ತಪ್ಪು ನಡೆಯುವುದು ಹೆಚ್ಚು. ಪರವಾನಗಿ ವ್ಯಕ್ತಿಗೆ ಕೊಟ್ಟದ್ದು, ಮನೆತನಕ್ಕಲ್ಲ. ಅವರು ಹೋದ ದಿನದಿಂದ ಆ ಕೋವಿ ಮನೆಯಲ್ಲಿರುವುದು ಕಾನೂನಿನ ದೃಷ್ಟಿಯಲ್ಲಿ ಅಕ್ರಮವಾಗುತ್ತಾ ಹೋಗುತ್ತದೆ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಗಡಿಬಿಡಿ ಮುಗಿದೊಡನೆ ಅದನ್ನು ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಅಂಗಡಿಯಲ್ಲಿ ಠೇವಣಿ ಇಟ್ಟು, ರಶೀದಿ ಪಡೆದು, ವಾರಸುದಾರ ತನ್ನ ಹೆಸರಿನಲ್ಲಿ ಅರ್ಜಿ ಹಾಕಬೇಕು. ಹಿರಿಯರು ಬದುಕಿರುವಾಗಲೇ ಹಸ್ತಾಂತರಿಸುವ ದಾರಿಯನ್ನೂ 2016ರ ನಿಯಮಗಳು ತೆರೆದಿವೆ. ಪರವಾನಗಿದಾರನಿಗೆ 70 ವರ್ಷ ತುಂಬಿದ್ದರೆ ಅಥವಾ ಆತ 25 ವರ್ಷ ಕೋವಿ ಹೊಂದಿದ್ದರೆ, ಅರ್ಹ ವಾರಸುದಾರನ ಹೆಸರಿಗೆ ವರ್ಗಾಯಿಸಲು ಕೇಳಬಹುದು. ವಯಸ್ಸಾದ ತಂದೆಯ ಹೆಸರಿನ ಕೋವಿಯನ್ನು ಮಗ ತೋಟಕ್ಕೆ ಒಯ್ಯುವುದು ಈ ಭಾಗದಲ್ಲಿ ಸಾಮಾನ್ಯ. ಆದರೆ ಪರವಾನಗಿಯಲ್ಲಿ ಹೆಸರಿಲ್ಲದ ಮಗನಿಗೆ ಅದು ಪರವಾನಗಿ ಇಲ್ಲದ ಕೋವಿಯೇ. ಪರವಾನಗಿ ಇಲ್ಲದೆ ಕೋವಿ ಹೊಂದಿದ ಅಪರಾಧಕ್ಕೆ 2019ರ ತಿದ್ದುಪಡಿಯ ನಂತರ ಎರಡರಿಂದ ಐದು ವರ್ಷದ ಜೈಲು. ಮದುವೆ, ಉತ್ಸವಗಳಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಕೋವಿಗೆ ಪರವಾನಗಿ ಇರುವುದು ಬೇರೆ, ಅದರಿಂದ ಪ್ರಾಣಿಯನ್ನು ಹೊಡೆಯುವ ಅನುಮತಿ ಬೇರೆ. ಊರಿನಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ಕೆಡ್ಡಸ ಹಬ್ಬದ ದಿನ ಬೇಟೆಗೆ ಹೋಗುವ ವಾಡಿಕೆ ತುಳುನಾಡಿನಲ್ಲಿತ್ತು. 1972ರ ಕಾಯ್ದೆಯಡಿ ಈಗ ಬೇಟೆ ಎಂಬುದೇ ನಿಷಿದ್ಧ. ಆ ಕಾಯ್ದೆಯ ಪಟ್ಟಿಗಳನ್ನು 2022ರ ತಿದ್ದುಪಡಿ ಬದಲಿಸಿತು. ಹೊಸ ಪಟ್ಟಿಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಜನರ ಜೀವಕ್ಕೆ ಅಥವಾ ನಿಂತ ಬೆಳೆ ಸೇರಿದಂತೆ ಆಸ್ತಿಗೆ ಅಪಾಯವಾದಾಗ, 11ನೇ ಸೆಕ್ಷನ್‌ನಂತೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ನಮೂದಿಸಿ, ಲಿಖಿತ ಆದೇಶದ ಮೂಲಕ ಅದನ್ನು ಹೊಡೆಯಲು ಅನುಮತಿ ಕೊಡಬಹುದು. ನೆರೆಯ ಕೇರಳದಲ್ಲಿ 2022ರಿಂದ ಪಂಚಾಯಿತಿ ಅಧ್ಯಕ್ಷರಿಗೇ ಕಾಡುಹಂದಿಯ ವಿಷಯದಲ್ಲಿ ಈ ಅಧಿಕಾರ ಹಂಚಲಾಗಿದೆ. ಸುಳ್ಯದ ಗಡಿಗೆ ತಾಗಿಯೇ ಇರುವ ಕಾಸರಗೋಡಿನ ಕೃಷಿಕರ ಅನುಭವವನ್ನು ಇಲ್ಲಿನ ಸರ್ಕಾರ ಅಧ್ಯಯನ ಮಾಡಬೇಕು.

ಮಂಗ, ನವಿಲು, ಕೆಂದಳಿಲು ಎಲ್ಲವೂ ರಕ್ಷಿತ ಪ್ರಾಣಿಗಳು. ನವಿಲು ಮೊದಲ ಅನುಸೂಚಿಯಲ್ಲಿದೆ. ಆನೆಯೂ ಅಷ್ಟೇ. ಕಡಬದ ರೆಂಜಿಲಾಡಿಯಲ್ಲಿ 2023ರ ಫೆಬ್ರವರಿಯಲ್ಲಿ ಆನೆ ದಾಳಿಗೆ ಇಬ್ಬರು ಬಲಿಯಾದಾಗ ಆನೆಯನ್ನು ಹಿಡಿದು ಸಾಗಿಸುವ ಕಾರ್ಯಾಚರಣೆಯನ್ನು ಅರಣ್ಯ ಇಲಾಖೆಯೇ ನಡೆಸಿತು. ತೋಟದ ಕೋವಿಯ ಚರೆ ಆನೆಯನ್ನು ಕೊಲ್ಲುವುದಿಲ್ಲ, ಗಾಯ ಮಾಡಿ ಕೆರಳಿಸುತ್ತದೆ. ಆಮೇಲೆ ಅದರ ದಾರಿಗೆ ಸಿಕ್ಕವರು ಅದರ ಫಲ ಉಣ್ಣಬೇಕಾಗುತ್ತದೆ. ಮೊದಲ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದರೆ ಮೂರರಿಂದ ಏಳು ವರ್ಷ ಜೈಲು. ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದರೆ ಅದು ಅಪರಾಧವಲ್ಲ. ಹಾಗೆ ಸತ್ತ ಪ್ರಾಣಿ ಸರ್ಕಾರದ ಸೊತ್ತು, ಅಡುಗೆಮನೆಗೆ ಹೋಗುವಂತಿಲ್ಲ. ಹಾಗಾದರೆ ಕೋವಿಯ ಉಪಯೋಗವೇನು? ಅದರ ದೊಡ್ಡ ಉಪಯೋಗ ಸದ್ದು. ಒಂದು ಖಾಲಿ ಈಡಿಗೆ ಹಂದಿ ಹಿಂಡು ಆ ರಾತ್ರಿಯ ಮಟ್ಟಿಗೆ ಗುಡ್ಡ ಹತ್ತುತ್ತದೆ. ಗರ್ನಾಲು ಸಿಡಿಸುವುದೂ ಇದಕ್ಕೇ.

ಪರವಾನಗಿಯ ತಲೆಬಿಸಿ ಬೇಡವೆಂದು ಏರ್‌ಗನ್ ಕೊಳ್ಳುವವರು ಬಹಳ. 4.5 ಮಿ.ಮೀ. ಬೋರ್ ಮತ್ತು 20 ಜೂಲ್ ಶಕ್ತಿಯ ಮಿತಿಯೊಳಗಿನ ಏರ್‌ಗನ್‌ಗೆ ಪರವಾನಗಿ ಬೇಡ ಎಂಬುದು ನಿಜ. ಆದರೆ ಅದರಿಂದ ಮಂಗಕ್ಕೆ ಹೊಡೆದರೆ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಪಿವಿಸಿ ಪೈಪಿಗೆ ಕಾರ್ಬೈಡ್ ಹಾಕಿ ಸದ್ದು ಬರಿಸುವ ‘ಮಂಗನ ಕೋವಿ’ ಅಗ್ಗವಾದರೂ ಅಪಾಯಕಾರಿ. ಕಿಡಿ ಹತ್ತಲಿಲ್ಲವೆಂದು ಪೈಪಿನ ಬಾಯಿಗೆ ಮುಖವೊಡ್ಡಿ ನೋಡುವಾಗ ಸಿಡಿದರೆ ಕಣ್ಣೇ ಹೋಗುತ್ತದೆ.

ಪ್ರತಿ ಚುನಾವಣೆಯೂ ಈ ಸೀಮೆಯ ಪರವಾನಗಿದಾರರಿಗೆ ಒಂದು ಅಲೆದಾಟ. ನೀತಿ ಸಂಹಿತೆ ಜಾರಿಯಾದೊಡನೆ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಲು ಆದೇಶ ಬರುತ್ತದೆ. ಫಲಿತಾಂಶ ಬಂದ ಮೇಲಷ್ಟೇ ವಾಪಸು. ಗ್ರಾಮ ಪಂಚಾಯಿತಿ, ವಿಧಾನಸಭೆ, ಲೋಕಸಭೆ ಎಂದು ಚುನಾವಣೆಗಳು ಬೇರೆ ಬೇರೆ ಕಾಲಕ್ಕೆ ಬರುವುದರಿಂದ ತೋಟ ಕಾವಲಿಲ್ಲದೆ ಉಳಿಯುವ ತಿಂಗಳುಗಳು ಕೂಡುತ್ತಾ ಹೋಗುತ್ತವೆ. ಆದರೆ ಎಲ್ಲರ ಕೋವಿಯನ್ನೂ ಕಣ್ಣುಮುಚ್ಚಿ ಒಳಗಿಡಬೇಕೆಂದು ಚುನಾವಣಾ ಆಯೋಗ ಹೇಳಿಲ್ಲ. ಬಾಂಬೆ ಹೈಕೋರ್ಟಿನ ಗೋವಾ ಪೀಠದ ಮುಂದೆ ಬಂದ ಪ್ರಕರಣದ ನಂತರ, ಜಿಲ್ಲಾಧಿಕಾರಿ ಮತ್ತು ಪೊಲೀಸ್ ವರಿಷ್ಠಾಧಿಕಾರಿಯನ್ನೊಳಗೊಂಡ ಪರಿಶೀಲನಾ ಸಮಿತಿ ಒಬ್ಬೊಬ್ಬರ ಪರವಾನಗಿಯನ್ನೂ ನೋಡಿ ತೀರ್ಮಾನಿಸುವ ಕ್ರಮ ರೂಪುಗೊಂಡಿದೆ. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ, ಅದರಲ್ಲೂ ಚುನಾವಣಾ ಗಲಭೆಯಲ್ಲಿ ಭಾಗಿಯಾದವರು, ಇಂಥವರ ಆಯುಧ ಮೊದಲು ಠೇವಣಿಗೆ ಹೋಗಬೇಕು. ಕಾನೂನು ಮತ್ತು ಸಂಪ್ರದಾಯದಂತೆ ಆಯುಧ ಧರಿಸುವ ಹಕ್ಕಿರುವ ಸಮುದಾಯಗಳಿಗೆ ವಿನಾಯಿತಿಯೂ ಇದೆ. ದಕ್ಷಿಣ ಕನ್ನಡದ ಕೃಷಿಕರು ಒಬ್ಬೊಬ್ಬರನ್ನೂ ಪರಿಶೀಲಿಸಬೇಕೆಂಬ ಈ ಕ್ರಮದ ಆಧಾರದ ಮೇಲೆ ಹೈಕೋರ್ಟ್ ಮೆಟ್ಟಿಲೇರಿದ್ದಾರೆ. ಯಾವ ಮೊಕದ್ದಮೆಯೂ ಇಲ್ಲದ, ದಶಕಗಳಿಂದ ಕೋವಿಯನ್ನು ತೋಟದಾಚೆ ಒಯ್ಯದ ಕೃಷಿಕನನ್ನು ರೌಡಿ ಪಟ್ಟಿಯವನ ಸಾಲಿನಲ್ಲೇ ನಿಲ್ಲಿಸುವುದು ಅನ್ಯಾಯ. ವಿನಾಯಿತಿ ಬೇಕಾದವರು ನೀತಿ ಸಂಹಿತೆ ಜಾರಿಯಾದ ಕೂಡಲೇ, ಬೆಳೆ ಹಾನಿಯ ವಿವರದೊಂದಿಗೆ ಪರಿಶೀಲನಾ ಸಮಿತಿಗೆ ಲಿಖಿತ ಮನವಿ ಕೊಡಬೇಕು. ಠೇವಣಿ ಇಡಲೇಬೇಕಾದರೆ ಕೋವಿಯ ಸ್ಥಿತಿ ನಮೂದಿಸಿದ ರಶೀದಿ ಕೇಳಿ ಪಡೆಯಬೇಕು. ಮಳೆಗಾಲದಲ್ಲಿ ಠಾಣೆಯ ಮೂಲೆಯಲ್ಲಿ ಎಣ್ಣೆ ಕಾಣದೆ ಬಿದ್ದ ನಳಿಗೆ ತುಕ್ಕು ಹಿಡಿದು ಬಂದರೆ, ಆ ರಶೀದಿಯಲ್ಲದೆ ಬೇರೆ ಆಧಾರವಿರುವುದಿಲ್ಲ.

ಅರ್ಜಿ ತಿರಸ್ಕೃತವಾದರೆ ಅಲ್ಲಿಗೇ ಮುಗಿಯಲಿಲ್ಲ. ಸಾರ್ವಜನಿಕ ಹಿತಕ್ಕೆ ಧಕ್ಕೆಯೆಂಬ ಸಂದರ್ಭ ಬಿಟ್ಟು, ತಿರಸ್ಕಾರದ ಕಾರಣವನ್ನು ಲಿಖಿತವಾಗಿ ದಾಖಲಿಸಿ, ಕೇಳಿದಾಗ ಅರ್ಜಿದಾರನಿಗೆ ಸಂಕ್ಷಿಪ್ತ ಹೇಳಿಕೆ ಕೊಡಲು ಅಧಿಕಾರಿ ಬದ್ಧ. 18ನೇ ಸೆಕ್ಷನ್‌ನಂತೆ ಮೇಲ್ಮನವಿ ಪ್ರಾಧಿಕಾರದ ಮುಂದೆ 30 ದಿನದೊಳಗೆ ಹೋಗಬಹುದು. ‘ಆಗುವುದಿಲ್ಲ’ ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದನ್ನು ಆದೇಶವೆಂದು ಒಪ್ಪಿಕೊಂಡು ಮನೆಗೆ ಮರಳಬಾರದು. ಕಾಗದದ ಮೇಲೆ ಕಾರಣ ಕೇಳಿ, 13ನೇ ಸೆಕ್ಷನ್‌ನ ಬೆಳೆ ರಕ್ಷಣೆಯ ಮಾತನ್ನು ಮೇಲ್ಮನವಿಯ ಮೊದಲ ಸಾಲಿನಲ್ಲೇ ಬರೆಯಬೇಕು.